ಸ್ಲ್ಯಾಬ್ ರೇಟಿನ ಸರಾಸರಿ ಲೆಕ್ಕ: ಕೊನೆಯ ರೇಟಿನಿಂದ ಶುರು ಮಾಡಿ

ಮಡಿಕೇರಿಯಲ್ಲಿ ಸಂಜೆ ಹೊತ್ತು ಎಫ್‌ಡಿಎ, ಎಸ್‌ಡಿಎ, ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ಲೆಕ್ಕ ಹೇಳಿಕೊಡುತ್ತೇನೆ. ಮೊನ್ನೆ ಒಬ್ಬ ಹುಡುಗಿಯ ನೋಟ್‌ಬುಕ್ ನೋಡಿದೆ. ಮೂರು ರೇಟನ್ನು ಒಂದರ ಕೆಳಗೊಂದು ಬರೆದು, ಕೂಡಿಸಿ, 3ರಿಂದ ಭಾಗಿಸಿ, ಉತ್ತರದ ಕೆಳಗೆ ಎರಡು ಗೆರೆ ಎಳೆದಿದ್ದಳು. "ಸರಾಸರಿ ಅಂದ್ರೆ ಇದೇ ಅಲ್ವಾ ಸರ್?" ಅಂತ ಕೇಳಿದಳು. ಅಲ್ಲ. ಬುದ್ಧಿವಂತ ಮಕ್ಕಳೂ ಇಲ್ಲೇ ಎಡವುತ್ತಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪ್ರಶ್ನೆ ಹೀಗಿತ್ತು. ಒಂದು ಅಂಗಡಿಯಲ್ಲಿ ಜೇನು ಮಾರುತ್ತಾರೆ. ಮೊದಲ 10 ಬಾಟಲಿಗೆ ತಲಾ 400 ರೂಪಾಯಿ, ನಂತರದ 20ಕ್ಕೆ ತಲಾ 360, ಅದರ ಮೇಲಿನವಕ್ಕೆ ತಲಾ 320. 50 ಬಾಟಲಿ ಕೊಂಡರೆ ಒಂದಕ್ಕೆ ಸರಾಸರಿ ಎಷ್ಟು ಬಿತ್ತು?

ಅವಳ ಉತ್ತರ 360. ಆಯ್ಕೆಗಳಲ್ಲಿ 360 ಇತ್ತು ಕೂಡ. ಇಂಥ ಪ್ರಶ್ನೆ ಮಾಡುವವರಿಗೆ ನೀವು ಎಲ್ಲಿ ತಪ್ಪುತ್ತೀರಿ ಅಂತ ಚೆನ್ನಾಗಿ ಗೊತ್ತು.

ಮೊದಲು ನೇರ ದಾರಿ. ಸರಾಸರಿ ಅಂದರೆ ಒಟ್ಟು ಕೊಟ್ಟ ಹಣವನ್ನು ಒಟ್ಟು ಬಾಟಲಿಯಿಂದ ಭಾಗಿಸುವುದು, ಅಷ್ಟೇ. 10 ಬಾಟಲಿಗೆ 4,000. 20ಕ್ಕೆ 7,200. ಉಳಿದ 20ಕ್ಕೆ 6,400. ಒಟ್ಟು 17,600, ಅದನ್ನು 50ರಿಂದ ಭಾಗಿಸಿದರೆ 352. ಇಲ್ಲಿ ಎರಡು ಕಡೆ ಕೈ ತಪ್ಪುತ್ತದೆ. "ನಂತರದ 20" ಅನ್ನುವುದನ್ನು "20ರ ತನಕ" ಅಂತ ಓದಿಕೊಳ್ಳುವುದು ಒಂದು, ಕೊನೆಯ ಸ್ಲ್ಯಾಬಿಗೆ (ಒಂದೊಂದು ರೇಟಿನ ಹಂತವೇ ಒಂದೊಂದು ಸ್ಲ್ಯಾಬ್) 50ರಲ್ಲಿ 30 ಕಳೆಯದೆ ಪೂರ್ತಿ 50 ಹಾಕಿಬಿಡುವುದು ಇನ್ನೊಂದು. ಪ್ರತಿ ಸಾಲಿನ ಪಕ್ಕ ಬಾಟಲಿ ಸಂಖ್ಯೆ ಬರೆದು, 10, 20, 20 ಕೂಡಿಸಿದರೆ 50 ಬರುತ್ತಾ ಅಂತ ನೋಡಿಯೇ ಮುಂದೆ ಹೋಗಿ.

ಇನ್ನು ನನಗೆ ತುಂಬಾ ಇಷ್ಟವಾದ ದಾರಿ. ಎಲ್ಲಾ ಬಾಟಲಿಯೂ ಕೊನೆಯ ರೇಟಿಗೇ, ಅಂದರೆ 320ಕ್ಕೇ ಸಿಕ್ಕಿತು ಅಂದುಕೊಳ್ಳಿ. ನಿಜವಾಗಿ ಮೊದಲ 10ಕ್ಕೆ 80ರಂತೆ 800 ಜಾಸ್ತಿ ಕೊಟ್ಟಿದ್ದೀರಿ, ನಂತರದ 20ಕ್ಕೆ 40ರಂತೆ ಇನ್ನೊಂದು 800. ಒಟ್ಟು 1,600 ಜಾಸ್ತಿ. ಇದನ್ನು 50 ಬಾಟಲಿಗೆ ಹಂಚಿದರೆ ತಲಾ 32. 320ಕ್ಕೆ 32 ಸೇರಿಸಿ, 352. ಬಾಟಲಿ 30 ದಾಟಿದ ಮೇಲೆ ಎಷ್ಟೇ ಕೊಂಡರೂ ಆ 1,600 ಬದಲಾಗುವುದಿಲ್ಲ, ಇದೇ ಇದರ ಜೀವ. ಹಾಗಾಗಿ ಪ್ರಶ್ನೆಯನ್ನು ತಿರುಗಿಸಿ "ಸರಾಸರಿ 340 ಆಗಬೇಕಾದರೆ ಎಷ್ಟು ಬಾಟಲಿ ಕೊಳ್ಳಬೇಕು?" ಅಂತ ಕೇಳಿದಾಗ ಬೇರೆಯವರು ಸಮೀಕರಣ ಬರೆಯುತ್ತಾ ಕೂತಿರುವಾಗ ನೀವು ತಲಾ 20 ಜಾಸ್ತಿ ಬೀಳಬೇಕು, 1,600ನ್ನು 20ರಿಂದ ಭಾಗಿಸಿದರೆ 80 ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗಬಹುದು. ಸರಾಸರಿ ಪೂರ್ತಿ 320 ಆಗಲು ಎಷ್ಟು ಬೇಕು ಅಂದರೆ? ಎಷ್ಟು ಕೊಂಡರೂ ಆಗಲ್ಲ, ಆ 1,600 ಯಾವತ್ತೂ ಸೊನ್ನೆ ಆಗುವುದಿಲ್ಲವಲ್ಲ.

ಆದರೆ ಜೋಪಾನ. ಸರಾಸರಿ 380 ಬೇಕು ಅಂತ ಕೇಳಿದರೆ ಈ 1,600 ಬಳಸಬೇಡಿ. 30 ಬಾಟಲಿಗೆ ಒಟ್ಟು 11,200, ಸರಾಸರಿ ಸುಮಾರು 373. ಅಂದರೆ 380 ಸಿಗುವುದು ಎರಡನೇ ಸ್ಲ್ಯಾಬಿನೊಳಗೆ. ಅಲ್ಲಿ ಕೊನೆಯ ರೇಟು 360, ಜಾಸ್ತಿ ಹಣ 10 ಬಾಟಲಿಗೆ 40ರಂತೆ 400. ತಲಾ 20 ಬೀಳಬೇಕು, ಆದ್ದರಿಂದ 20 ಬಾಟಲಿ. ಯಾವ ಸ್ಲ್ಯಾಬಿನಲ್ಲಿದ್ದೀರಿ ಅಂತ ಮೊದಲು ಗಡಿಯ ಸರಾಸರಿ ತೆಗೆದು ನೋಡಿ, ಆಮೇಲೆ ಭಾಗಿಸಿ.

ಸಾಗಾಟಕ್ಕೆ 800 ಬೇರೆ ಅಂದರೆ ಸುಮ್ನೆ ಅದನ್ನೂ 1,600ಕ್ಕೆ ಸೇರಿಸಿಬಿಡಿ. 80 ಬಾಟಲಿಗೆ 2,400, ತಲಾ 30, ಸರಾಸರಿ 350.

ಪ್ರಶ್ನೆಯಲ್ಲಿ "ಎಲ್ಲಾ ಬಾಟಲಿಗೂ" ಅನ್ನುವ ಪದ ಕಂಡರೆ ಪೆನ್ಸಿಲಿನಿಂದ ಸುತ್ತು ಹಾಕಿ. "30ಕ್ಕಿಂತ ಜಾಸ್ತಿ ಕೊಂಡರೆ ಎಲ್ಲಾ ಬಾಟಲಿಗೂ 320" ಅಂದರೆ ಅದು ಬೇರೆಯೇ ಲೆಕ್ಕ. ಆಗ 31 ಬಾಟಲಿಗೆ 9,920 ಸಾಕು. 11ರಿಂದ 30ರ ತನಕ ಕೊಂಡವರಿಗೆ ಎಲ್ಲಾ ಬಾಟಲಿಗೂ 360 ಅಂತಿದ್ದರೆ 28 ಬಾಟಲಿಗೇ 10,080 ಆಗುತ್ತದೆ. ಜಾಸ್ತಿ ಕೊಂಡವನಿಗೆ ಕಮ್ಮಿ ಖರ್ಚು!

ಆದಾಯ ತೆರಿಗೆ ಮಾತ್ರ ಮೊದಲ ಬಗೆಯದು. ಸಂಬಳ ಒಂದು ಸ್ಲ್ಯಾಬ್ ದಾಟಿದರೆ ಪೂರ್ತಿ ಹಣಕ್ಕೆ ಆ ರೇಟು ಬೀಳುತ್ತದೆ ಅಂತ ಹೆದರುವವರು ಇನ್ನೂ ಇದ್ದಾರೆ. 2025-26ರ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ, ನಂತರದ 4 ಲಕ್ಷಕ್ಕೆ ಶೇ 5, ಅದರ ನಂತರದ 4ಕ್ಕೆ ಶೇ 10, ಆಮೇಲಿನ 4ಕ್ಕೆ ಶೇ 15. ತೆರಿಗೆ ಬೀಳುವ ಆದಾಯ 16 ಲಕ್ಷ ಇದ್ದರೆ 20, 40, 60 ಸಾವಿರ ಕೂಡಿಸಿ 1 ಲಕ್ಷ 20 ಸಾವಿರ, ಸೆಸ್ ಬೇರೆ. ಸರಾಸರಿ ಶೇ 7.5, ಶೇ 15 ಅಲ್ಲ.

ರೇಟು ಏರುತ್ತಾ ಹೋದರೂ ದಾರಿ ಇದೇ. ಕಾಫಿ ಕುಯ್ಯುವಾಗ ಇಷ್ಟು ಕೆಜಿ ತನಕ ದಿನದ ಕೂಲಿ, ಅದರ ಮೇಲೆ ಕೆಜಿಗೆ ಇಷ್ಟು ಅಂತ ನಮ್ಮ ತೋಟಗಳಲ್ಲಿ ಲೆಕ್ಕ ಹಾಕುವುದನ್ನು ನೀವು ನೋಡಿಯೇ ಇರುತ್ತೀರಿ. ಒಂದು ಲೆಕ್ಕ ಕೊಡುತ್ತೇನೆ, ಅಂಕಿ ನನ್ನದೇ: ಮೊದಲ 100 ಕೆಜಿಗೆ 400 ರೂಪಾಯಿ, ಮೇಲಿನ ಪ್ರತಿ ಕೆಜಿಗೆ 5. ಕೆಜಿಗೆ ಸರಾಸರಿ ನಾಲ್ಕೂವರೆ ಬೀಳಬೇಕಾದರೆ ಎಷ್ಟು ಕುಯ್ಯಬೇಕು? ಎಲ್ಲಕ್ಕೂ 5 ಅಂದುಕೊಂಡರೆ ಮೊದಲ 100 ಕೆಜಿಯಲ್ಲಿ 100 ರೂಪಾಯಿ ಕಮ್ಮಿ ಬಂದಿದೆ. ಆ ಕಮ್ಮಿಯನ್ನು ಕೆಜಿಗೆ 50 ಪೈಸೆಯಂತೆ ಹಂಚಬೇಕು, ಅಂದರೆ 200 ಕೆಜಿ. ತಾಳೆ ನೋಡಿ: 400 ಮತ್ತು 500, ಒಟ್ಟು 900, 200ರಿಂದ ಭಾಗಿಸಿದರೆ 4.50.