ಸಂಜೆಯ ಹೊತ್ತಿಗೆ ತೆರೆದ ಸಭೆ: ಬಳ್ಳಾರಿಯ ಓಣಿಗಳಲ್ಲಿ ಮಕ್ಕಳು, ಹರೆಯದವರು ಮತ್ತು ಕುಟುಂಬಗಳ ನಡುವೆ ಕೆಲಸ ಆರಂಭಿಸುವ ಬಗೆ

ತನ್ನ ಸುತ್ತಲಿನ ಓಣಿಗಳ ಮಕ್ಕಳಿಗಾಗಿ, ಹರೆಯದವರಿಗಾಗಿ ಏನಾದರೂ ಮಾಡಬೇಕೆಂದು ಒಂದು ಕ್ರೈಸ್ತ ಸಭೆಯ ಹಿರಿಯರು ಕೂಡಿ ಕುಳಿತಾಗ ಮೊದಲು ಬರುವ ಮಾತುಗಳು ಆರೋಗ್ಯ ಶಿಬಿರ, ಕ್ರಿಸ್‌ಮಸ್‌ಗೆ ಕಂಬಳಿ ಹಂಚಿಕೆ, ಬೇಸಿಗೆಯ ರಜಾ ಬೈಬಲ್ ಶಾಲೆ. ಇವುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಇವು ಒಂದು ದಿನದಲ್ಲೋ ಒಂದು ವಾರದಲ್ಲೋ ಮುಗಿದುಹೋಗುತ್ತವೆ, ಮನೆಯ ಕಷ್ಟ ಹಾಗೆ ಮುಗಿಯುವುದಿಲ್ಲ. ಶಾಲೆ ಬಿಟ್ಟ ಗಳಿಗೆಯಿಂದ ತಾಯಿ ಕೆಲಸ ಮುಗಿಸಿ ಮನೆ ಸೇರುವವರೆಗಿನ ಎರಡು ಮೂರು ಗಂಟೆಗಳ ಹೊಣೆಯನ್ನು ಸಭೆಯು ವರ್ಷವಿಡೀ ಹೊತ್ತುಕೊಳ್ಳುವುದಾದರೆ, ಕುಟುಂಬಕ್ಕೆ ಬೇಕಾದ ಉಳಿದ ನೆರವಿನ ದಾರಿಗಳು ಅಲ್ಲಿಂದಲೇ ತೆರೆದುಕೊಳ್ಳುತ್ತವೆ ಎಂಬುದು ಈ ಬರಹದ ನಿಲುವು. ಮುಂದಿನ ಸೂಚನೆಗಳೆಲ್ಲ ಆ ಸಂಜೆಯ ಹೊತ್ತಿನ ಸುತ್ತಲೇ ಇವೆ.

ಓಣಿಯನ್ನು ಅರಿಯುವುದು

ಮೊದಲು ಒಂದೇ ಓಣಿಯನ್ನು ಆಯ್ದುಕೊಳ್ಳಬೇಕು. ಕೌಲ್‌ಬಜಾರ್ ಇಡೀ, ಗುಗ್ಗರಹಟ್ಟಿ ಇಡೀ ಎಂದು ಹೊರಟರೆ ಯಾವ ಮನೆಯ ಪರಿಚಯವೂ ಗಟ್ಟಿಯಾಗುವುದಿಲ್ಲ. ಮಗು ತಾನೇ ನಡೆದು ಬರಬಹುದಾದ, ಕತ್ತಲಾದ ಮೇಲೆ ದೊಡ್ಡವರೊಬ್ಬರು ನಡೆಸಿಕೊಂಡು ಹೋಗಿ ಬಿಟ್ಟು ಬರಬಹುದಾದ ದೂರವೇ ಕೆಲಸದ ಎಲ್ಲೆಯಾಗಿರಲಿ.

ಇಲ್ಲಿನ ಎಷ್ಟೋ ಓಣಿಗಳ ದಿನಚರಿಯನ್ನು ರೂಪಿಸಿರುವುದು ಜೀನ್ಸ್ ಉದ್ಯಮ. ಹೊಲಿಗೆ ಘಟಕಗಳಿಗೆ ಹೋಗುವವರದು ಪೀಸ್ ಲೆಕ್ಕದ ದುಡಿಮೆಯಾದ್ದರಿಂದ ಆರ್ಡರ್ ಇದ್ದಾಗ ರಾತ್ರಿಯಾಗುತ್ತದೆ, ಇಲ್ಲದಾಗ ವಾರಗಟ್ಟಲೆ ಕೈ ಖಾಲಿ. ಹೊಲಿದ ಪ್ಯಾಂಟುಗಳ ಗಂಟನ್ನು ಮನೆಗೇ ತಂದು ಹೆಚ್ಚುವರಿ ದಾರ ಕತ್ತರಿಸುವ ಕೆಲಸದಲ್ಲಿ ಮಕ್ಕಳ ಕೈಯೂ ಸೇರುತ್ತದೆ. 14 ವರ್ಷದೊಳಗಿನವರನ್ನು ದುಡಿಸಿಕೊಳ್ಳುವುದನ್ನು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಪೂರ್ತಿಯಾಗಿ ನಿಷೇಧಿಸಿದ್ದರೂ, ಶಾಲೆಯ ಬಳಿಕ ಮನೆಯವರ ಕಸುಬಿಗೆ ನೆರವಾಗುವುದಕ್ಕೆ ಅದರಲ್ಲಿ ವಿನಾಯಿತಿ ಇದೆ; ಮನೆಗೆ ಬರುವ ಗುತ್ತಿಗೆಯ ಗಂಟು ಈ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಹೋಂವರ್ಕ್ ಪುಸ್ತಕದ ಅಂಚಿನಲ್ಲಿ ನೀಲಿ ಬೆರಳಿನ ಗುರುತು ಕಂಡರೆ ಅಕ್ಷರ ದುಂಡಗಿಲ್ಲವೆಂದು ಗದರುವ ಮೊದಲು, ನಿನ್ನೆ ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ ಎಂದು ಕೇಳಬೇಕು. ತಾಯಿಯನ್ನು ಕಾನೂನಿನ ಮಾತಿನಿಂದ ಬೆದರಿಸಿದರೆ ಮಗು ಮರುದಿನದಿಂದ ಬರುವುದೇ ನಿಂತುಹೋಗುತ್ತದೆ. ಗಂಟನ್ನು ಓದಿನ ಹೊತ್ತಿನಿಂದ ಆಚೆಗೆ ಸರಿಸುವಂತೆ ಒಪ್ಪಿಸುವುದು ನಿಧಾನದ, ಆದರೆ ಫಲಿಸುವ ದಾರಿ.

ಇನ್ನು ಕೆಲವು ಮನೆಗಳ ಕಥೆ ಗಣಿಯೊಂದಿಗೆ ಹೆಣೆದುಕೊಂಡಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆದಾಗ ಲಾರಿಯನ್ನೇ ನಂಬಿದ್ದವರು ದಿನಗೂಲಿಗೆ ಇಳಿದರು. ಅಂಥ ಮನೆಗೆ ಹೋದಾಗ ತಂದೆಯನ್ನು ಮಕ್ಕಳೆದುರು ಕುಡುಕನೆಂದೋ ಸೋಮಾರಿಯೆಂದೋ ಮಾತಾಡದಿರುವುದು ಕನಿಷ್ಠ ಮರ್ಯಾದೆ.

ಮೊದಲ ತಿಂಗಳಲ್ಲಿ ಏನನ್ನೂ ಆರಂಭಿಸದೆ ಬರೀ ಕೇಳಿಸಿಕೊಳ್ಳಬೇಕು. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಹತ್ತಿರದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರು, ಮೂಲೆಯ ಕಿರಾಣಿ ಅಂಗಡಿಯವರು, ಈ ನಾಲ್ವರಿಗೆ ಓಣಿಯ ಬಗ್ಗೆ ತಿಳಿಯದ ಸಂಗತಿ ಕಡಿಮೆ. ಮುದ್ರಿತ ಫಾರಂ ಹಿಡಿದು ಮನೆಮನೆಗೆ ಹೋಗಬಾರದು. ಹೋದರೆ ಜನರು ಯಾವುದೋ ಯೋಜನೆ ಬಂತೆಂದು ತಿಳಿಯುತ್ತಾರೆ, ಆ ನಿರೀಕ್ಷೆ ಹುಸಿಯಾದ ಮೇಲೆ ನಿಮ್ಮ ಮಾತಿಗೆ ಬೆಲೆ ಉಳಿಯುವುದಿಲ್ಲ. ನಲ್ಲಿಯಲ್ಲಿ ನೀರು ಬರುವ ದಿನವನ್ನು ತಿಳಿದುಕೊಂಡಿರಬೇಕು. ದಿನವೂ ನೀರು ಬಾರದ ಈ ಊರಿನಲ್ಲಿ ಆ ದಿನ ತಾಯಂದಿರ ಕೂಟ ಕರೆದರೆ ಬರುವವರು ನೀವೊಬ್ಬರೇ.

ಸಂಜೆಯ ಕೋಣೆ

1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದ ಕಾಲದಿಂದಲೂ ಇಲ್ಲಿನ ಜನರಿಗೆ ಚರ್ಚು ಎಂದರೆ ಶಾಲೆಯೂ ಹೌದು. ಆದ್ದರಿಂದ ಚರ್ಚಿನವರು ಪಾಠ ಹೇಳಿಕೊಡುತ್ತಾರೆಂದರೆ ಯಾರಿಗೂ ವಿವರಣೆ ಬೇಕಾಗುವುದಿಲ್ಲ. ಯಾವ ಧರ್ಮದ ಮನೆಯವರಾದರೂ ಮಗುವನ್ನು ಕಳಿಸುತ್ತಾರೆ. ಈ ವಿಶ್ವಾಸ ಹಿಂದಿನವರು ಗಳಿಸಿಟ್ಟದ್ದು, ಅದನ್ನು ಪೋಲು ಮಾಡಬಾರದು.

ಕೋಣೆ ದೊಡ್ಡದಿರಬೇಕಾಗಿಲ್ಲ, ದೀಪ, ಫ್ಯಾನು, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಚಿಲಕವಿರುವ ಶೌಚಾಲಯ ಇವು ನಾಲ್ಕು ಕಡ್ಡಾಯ. ಸಂಜೆ 5 ಗಂಟೆಗೆ ಬಾಗಿಲು ತೆರೆದು, ಮೊದಲು ಒಂದು ಹಿಡಿ ಮಂಡಕ್ಕಿಯೋ ಶೇಂಗಾವೋ ಕೊಟ್ಟು, ಅರ್ಧ ಗಂಟೆ ಆಟಕ್ಕೆ ಬಿಟ್ಟು, ಆಮೇಲೆ ಓದಿಗೆ ಕೂರಿಸುವುದು ಒಳ್ಳೆಯದು. ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗೆ ಸಂಜೆ 5ಕ್ಕೂ ಕೂರಲಾಗದು. ಆಗ ಮುಂಜಾನೆಗೆ ಬದಲಾಯಿಸಬೇಕಾಗುತ್ತದೆ.

ಪಾಠದಲ್ಲಿ ಎದುರಾಗುವ ದೊಡ್ಡ ತೊಡಕು ಗಣಿತವಲ್ಲ, ಭಾಷೆ. ಮನೆಯಲ್ಲಿ ತೆಲುಗೋ ಉರ್ದುವೋ, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಇಂಗ್ಲಿಷ್. ಲೆಕ್ಕ ಗೊತ್ತಿದ್ದೂ ಲೆಕ್ಕದ ವಾಕ್ಯ ಅರ್ಥವಾಗದೆ ಕೈಕಟ್ಟಿ ಕೂರುವ ಮಕ್ಕಳು ಆರನೇ ತರಗತಿಯಲ್ಲೂ ಸಿಗುತ್ತಾರೆ. ಆದ್ದರಿಂದ ಸ್ವಯಂಸೇವಕರಲ್ಲಿ ಒಬ್ಬರಾದರೂ ತೆಲುಗು, ಒಬ್ಬರಾದರೂ ಉರ್ದು ಬಲ್ಲವರಿರಲಿ, ಮತ್ತು ತರಗತಿಯ ಪ್ರಕಾರವಲ್ಲ, ಓದಲು ಬರುವ ಮಟ್ಟದ ಪ್ರಕಾರ ಮಕ್ಕಳನ್ನು ಕೂರಿಸಿ.

ಹತ್ತನೇ ತರಗತಿಯಲ್ಲಿ ನಪಾಸಾದವರನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕು. ಚಿಕ್ಕವರ ನಡುವೆ ಕೂರಲು ಅವರು ಒಪ್ಪುವುದಿಲ್ಲ. ಸಂಜೆ 7ರ ಮೇಲೆ, ಯೌವನಸ್ಥರ ಕೂಟದ ಹೊತ್ತಿಗೆ ಅವರನ್ನು ಕರೆಯಿರಿ. ಎಸ್‌ಎಸ್‌ಎಲ್‌ಸಿಯನ್ನು ಅದೇ ವರ್ಷ ಮತ್ತೆ ಬರೆಯುವ ಅವಕಾಶವಿದೆಯೆಂಬುದನ್ನೂ, ಐಟಿಐ ಸೇರುವ ದಾರಿಯನ್ನೂ ಯಾರಾದರೂ ಎದುರಿಗೆ ಕೂತು ಬಿಡಿಸಿ ಹೇಳಬೇಕು. ಪಿಯುಸಿ ಓದುವವರಿಗೆ ಸಂವಿಧಾನದ 371(ಜೆ) ವಿಧಿಯಡಿ ಸಿಗುವ ಮೀಸಲಾತಿ ಪ್ರಮಾಣಪತ್ರದ ಬಗ್ಗೆ ಮೊದಲ ವರ್ಷದಲ್ಲೇ ತಿಳಿಸಿಬಿಡಿ. ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಈ ಭಾಗದ ಕಾಲೇಜುಗಳಲ್ಲಿ ಶೇಕಡಾ 70, ರಾಜ್ಯದ ಉಳಿದೆಡೆ ಶೇಕಡಾ 8ರ ಮೀಸಲಾತಿ ಇದ್ದರೂ, ಸಹಾಯಕ ಆಯುಕ್ತರ ಕಚೇರಿಯಿಂದ ಆ ಪತ್ರ ಪಡೆಯಲು ಹಳೆಯ ದಾಖಲೆಗಳು ಬೇಕೆಂಬುದು ಸಿಇಟಿ ಹೊತ್ತಿಗೆ ಗೊತ್ತಾದರೆ ಪ್ರಯೋಜನವಿಲ್ಲ.

ಹರೆಯದ ಹುಡುಗರ ವಿಷಯದಲ್ಲಿ ಈಗ ಹೆಚ್ಚು ಕಾಡುತ್ತಿರುವುದು ಮೊಬೈಲಿನ ಬೆಟ್ಟಿಂಗ್. ಉಪದೇಶದಿಂದ ಅದು ನಿಲ್ಲುವುದಿಲ್ಲ. ಎಷ್ಟು ಹೋಯಿತು, ಯಾರಿಗೆ ಕೊಡಬೇಕು ಎಂಬುದನ್ನು ಒಬ್ಬ ನಂಬಿಕಸ್ತ ಅಣ್ಣನ ಬಳಿ ಕಾಗದದ ಮೇಲೆ ಬರೆಯುವಂತಾದರೆ ಅರ್ಧ ಭಯ ಇಳಿಯುತ್ತದೆ. ನಿದ್ದೆಗೆಟ್ಟು, ಸಾಯುವ ಮಾತಾಡುವವರನ್ನು ಪ್ರಾರ್ಥನೆಗಷ್ಟೇ ಬಿಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನಿಮ್ಮ ಫೋನಿನಿಂದಲೇ ಕರೆ ಮಾಡಿಸಿ, ಆ ರಾತ್ರಿ ಒಂಟಿಯಾಗಿ ಬಿಡಬೇಡಿ.

ಮಕ್ಕಳ ಸುರಕ್ಷತೆ

ಇದರಲ್ಲಿ ರಿಯಾಯಿತಿ ಇಲ್ಲ. ಕೋಣೆಯಲ್ಲಿ ಸದಾ ಇಬ್ಬರು ದೊಡ್ಡವರಿರಬೇಕು, ಅವರಲ್ಲಿ ಒಬ್ಬರು ಹೆಣ್ಣುಮಗಳಾಗಿರಬೇಕು. ಮಕ್ಕಳಿರುವಾಗ ಬಾಗಿಲು ತೆರೆದಿರಬೇಕು. ಯಾವ ಸ್ವಯಂಸೇವಕನೂ ಒಂದು ಮಗುವಿನೊಡನೆ ಖಾಸಗಿಯಾಗಿ ವಾಟ್ಸ್ಆ್ಯಪ್ ಮಾಡಕೂಡದು. ಪಾಸ್ಟರ ಮಗನಾದರೂ ಪೊಲೀಸ್ ಪರಿಶೀಲನೆಯ ಪತ್ರ ಕೊಡಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು 21ನೇ ಕಲಮಿನಂತೆ ಶಿಕ್ಷಾರ್ಹ. ಸಭೆಯ ಮಾನ ಹೋದೀತೆಂದು ಹಿರಿಯರು ಒಳಗೊಳಗೇ ರಾಜಿ ಮಾಡಿಸುವ ಪದ್ಧತಿ ಕಾನೂನಿಗೂ ಸುವಾರ್ತೆಗೂ ವಿರೋಧ. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆಯನ್ನು ಕೋಣೆಯ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಸಿ.

ಶರತ್ತಿಲ್ಲದ ನೆರವು

ಬರುವ ಮಕ್ಕಳಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಕರ್ನಾಟಕದಲ್ಲಿ 2022ರಲ್ಲಿ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯು ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಇವೆಲ್ಲವನ್ನೂ ಮತಾಂತರದ ಆಮಿಷಗಳ ಸಾಲಿಗೆ ಸೇರಿಸಿತ್ತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯ್ದೆಯ ಗತಿ ಏನೇ ಇರಲಿ, ಸಂಜೆಯ ಪಾಠವನ್ನೂ ಆರಾಧನೆಯನ್ನೂ ಬೇರೆಬೇರೆಯಾಗಿ ಇಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಪಾಠದ ಹೊತ್ತಿನಲ್ಲಿ ಬೈಬಲ್ ವಾಕ್ಯದ ಬಾಯಿಪಾಠ ಬೇಡ, ನೋಟ್‌ಬುಕ್ಕಿನ ಮೇಲೆ ಕರಪತ್ರ ಅಂಟಿಸುವುದು ಬೇಡ, ಭಾನುವಾರ ಬಂದವರಿಗೆ ಮಾತ್ರ ಬ್ಯಾಗು ಎಂಬ ಲೆಕ್ಕವಂತೂ ಬೇಡವೇ ಬೇಡ. ಸಂಡೇ ಸ್ಕೂಲಿಗೆ ತಮ್ಮ ಮಕ್ಕಳನ್ನು ಕಳಿಸುವವರು ಕಳಿಸಲಿ, ಅದು ಬೇರೆ ದಿನ, ಬೇರೆ ಹಾಜರಿ ಪುಸ್ತಕ. ಲೂಕನ ಸುವಾರ್ತೆಯ ಸಮಾರ್ಯದವನು ಗಾಯಗೊಂಡವನ ಕುಲ ಕೇಳಲಿಲ್ಲ, ಛತ್ರದವನಿಗೆ ಎರಡು ನಾಣ್ಯ ಕೊಟ್ಟು ಮತ್ತೆ ಬರುತ್ತೇನೆಂದು ಹೇಳಿಹೋದ. ಆ ಕಥೆಯಲ್ಲಿ ನಮಗೆ ಹೆಚ್ಚು ಬೇಕಾಗಿರುವುದು ಮತ್ತೆ ಬರುವ ಆ ಮಾತು.

ಮನೆಯೊಳಗಿನ ಕೆಲಸ: ಕಾಗದ, ಸಾಲ, ಜಗಳ

ಕೋಣೆ ನಡೆಯತೊಡಗಿದ ಕೆಲವೇ ವಾರಗಳಲ್ಲಿ ತಾಯಂದಿರು ಕಾಗದಗಳ ಚೀಲ ಹಿಡಿದು ಬರುತ್ತಾರೆ. ಅದರಲ್ಲಿ ಹೆಚ್ಚಿನದು ವಿದ್ಯಾರ್ಥಿವೇತನದ ತಕರಾರು. ಆಧಾರಿನಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಶಾಲೆಯ ದಾಖಲೆಯಲ್ಲಿ ಹಿಂದೆ. ಕ್ರೈಸ್ತ ಮನೆಗಳಲ್ಲಾದರೆ ದೀಕ್ಷಾಸ್ನಾನದ ಹೆಸರು ಒಂದು, ಶಾಲೆಗೆ ಸೇರಿಸುವಾಗ ಅಜ್ಜ ಬರೆಸಿದ ಹೆಸರು ಇನ್ನೊಂದು. ಆನ್‌ಲೈನ್ ಅರ್ಜಿಯಲ್ಲಿ ಇವು ಹೊಂದದಿದ್ದರೆ ಹಣ ಬರುವುದಿಲ್ಲ, ಏಕೆ ಬರಲಿಲ್ಲವೆಂದು ಯಾರೂ ಹೇಳುವುದೂ ಇಲ್ಲ. ಆದ್ದರಿಂದ ಪ್ರತಿ ಮಗುವಿನ ಹೆಸರಿನಲ್ಲಿ ಒಂದು ಫೈಲು ಮಾಡಿ, ಆಧಾರ್, ಶಾಲೆಯ ದಾಖಲೆ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂಬ ವಿವರಗಳನ್ನು ಜೂನ್ ತಿಂಗಳಲ್ಲೇ ಒಂದಕ್ಕೊಂದು ಹಿಡಿದು ನೋಡಬೇಕು. ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಮುಗಿಯುವ ವರ್ಷವನ್ನು ಫೈಲಿನ ಮೇಲೆಯೇ ದಪ್ಪಕ್ಷರದಲ್ಲಿ ಬರೆದಿಡಿ. ಮೂಲ ಪತ್ರಗಳನ್ನು ಎಂದಿಗೂ ಸಭೆಯ ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ. ನಾಡಕಚೇರಿಗೆ ಮೊದಲ ಸಲ ಜೊತೆಗೆ ಹೋಗಿ, ಎರಡನೆಯ ಸಲ ತಾಯಿಯನ್ನೇ ಕೌಂಟರಿನ ಮುಂದೆ ನಿಲ್ಲಿಸಿ ನೀವು ಹಿಂದೆ ನಿಲ್ಲಿ.

ಎರಡನೆಯದು ವಾರದ ಕಂತಿನ ಸಾಲ. ಸಭೆಯು ಯಾರಿಗೂ ಸಾಲ ಕೊಡಕೂಡದು, ಕೊಟ್ಟ ದಿನದಿಂದ ನೀವು ಅವರ ನೆರೆಯವರಲ್ಲ, ಸಾಲ ಕೊಟ್ಟವರು. ಬದಲಿಗೆ ಯಾವ ಸಂಘದಲ್ಲಿ ಎಷ್ಟು, ಕಂತು ಎಷ್ಟು ಎಂದು ಪಟ್ಟಿ ಮಾಡಿಸಿ, ಹೊಸ ಸಾಲದಿಂದ ಹಳೆಯದನ್ನು ತೀರಿಸುವುದನ್ನು ನಿಲ್ಲಿಸಲು ನೆರವಾಗಿ. ವಸೂಲಿಗೆ ಬಂದವರು ಮನೆಯ ಮುಂದೆ ಕೂತು ಅವಮಾನ ಮಾಡಿದರೆ ಸುಮ್ಮನಿರಬೇಕಾಗಿಲ್ಲ. ಅಂಥ ಬಲವಂತದ ವಸೂಲಿಯನ್ನು ತಡೆಯಲೆಂದೇ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಠಾಣೆಯಲ್ಲಿ ದೂರು ಕೊಡಬಹುದು.

ಹೊಡೆತ ತಿನ್ನುವ ಹೆಂಗಸಿಗೆ ತಾಳಿಕೊಳ್ಳಮ್ಮ, ಪ್ರಾರ್ಥನೆ ಮಾಡಮ್ಮ ಎಂದಷ್ಟೇ ಹೇಳಿ ಕಳಿಸುವುದು ನಮ್ಮ ಸಭೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಅವಳಿಗೆ 181 ಮಹಿಳಾ ಸಹಾಯವಾಣಿಯೂ ಕೌಟುಂಬಿಕ ದೌರ್ಜನ್ಯದ ದೂರು ಕೇಳುವ ಸರ್ಕಾರಿ ರಕ್ಷಣಾಧಿಕಾರಿಯೂ ಇದ್ದಾರೆಂದು ತಿಳಿಸಿ, ನಿರ್ಧಾರವನ್ನು ಅವಳಿಗೆ ಬಿಡಿ. ಹುಡುಗಿಯೊಬ್ಬಳು ಕೋಣೆಗೆ ಬರುವುದನ್ನು ದಿಢೀರನೆ ನಿಲ್ಲಿಸಿದರೆ ಅದೇ ವಾರ ಮನೆಗೆ ಹೋಗಿ ನೋಡಬೇಕು. 18 ತುಂಬುವ ಮೊದಲೇ ಮದುವೆಯ ಮಾತು ನಡೆದಿರುವ ಸಾಧ್ಯತೆ ಇರುತ್ತದೆ. ಹುಡುಗಿಗೆ 18, ಹುಡುಗನಿಗೆ 21 ತುಂಬದ ಮದುವೆಯನ್ನು ನೆರವೇರಿಸುವ ಸಭಾಪಾಲಕರೂ ಅಪರಾಧಿಗಳೇ.

ಹಣ ಮತ್ತು ಜನ

ಖರ್ಚು ತಿಂಡಿ, ಕರೆಂಟು, ನೋಟ್‌ಬುಕ್ಕು, ಇಷ್ಟೇ. ಸ್ಥಳೀಯ ಕಾಣಿಕೆಯಲ್ಲಿ ನಡೆಯುವಷ್ಟೇ ದೊಡ್ಡದಾಗಿ ನಡೆಸಿ. ವಿದೇಶದ ಹಣಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು, ಅದಿಲ್ಲದೆ ಪರಿಚಯದವರ ಖಾತೆಯ ಮೂಲಕ ತರಿಸುವ ಆಲೋಚನೆಯನ್ನೂ ಮಾಡಬಾರದು. ಲೆಕ್ಕವನ್ನು ಪ್ರತಿ ತಿಂಗಳು ಬಾಗಿಲಿಗೆ ಅಂಟಿಸಿ.

ಸ್ವಯಂಸೇವಕರು ಬಹುಪಾಲು ಡಿಗ್ರಿ ಓದುವವರು. ಓದು ಮುಗಿದೊಡನೆ ಬೆಂಗಳೂರಿಗೋ ಹೈದರಾಬಾದಿಗೋ ಹೊರಡುತ್ತಾರೆ, ಅದನ್ನು ತಪ್ಪಿಸಲಾಗದು. ಪ್ರತಿ ಕೆಲಸವನ್ನೂ ಇಬ್ಬರಿಗೆ ಕಲಿಸಿಡುವುದು, ಹೋಗುವವರಿಂದ ಹಾಜರಿ ಪುಸ್ತಕ ಮತ್ತು ಫೈಲುಗಳನ್ನು ಮಾರ್ಚ್‌ನಲ್ಲೇ ಕೈಬದಲಾಯಿಸಿಕೊಳ್ಳುವುದು, ಅದೇ ಓಣಿಯ ತಾಯಂದಿರಲ್ಲಿ ಇಬ್ಬರನ್ನು ಮೊದಲ ವರ್ಷದಿಂದಲೇ ತಿಂಡಿಗೂ ಹಾಜರಿಗೂ ಸೇರಿಸಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ. ಪಕ್ಕದ ಓಣಿಯಿಂದ ಕರೆ ಬಂದೇ ಬರುತ್ತದೆ. ಆ ತಾಯಂದಿರು ನಿಮ್ಮ ಹಾಜರಿಯಿಲ್ಲದೆ ಒಂದು ವಾರ ಕೋಣೆಯನ್ನು ತೆರೆದು ಮುಚ್ಚಿ ನಡೆಸಬಲ್ಲರೆಂದು ಕಂಡ ಮೇಲೆ ಅದಕ್ಕೆ ಒಪ್ಪಿಕೊಳ್ಳಿ, ಅಲ್ಲಿಯವರೆಗೆ ಅಲ್ಲಿನ ಮಕ್ಕಳನ್ನು ಇದೇ ಕೋಣೆಗೆ ಕರೆಯಿರಿ.