ಕುಂಬಾರ ಕಪ್ಪೆಯನ್ನು ಕಾಣುವುದು ಹೇಗೆ?

ಮೊಟ್ಟೆಗೆ ಮಣ್ಣು ಮೆತ್ತುವ ಕಪ್ಪೆಯೊಂದು ಉತ್ತರ ಕನ್ನಡದ ಕತ್ತಲೆಕಾನಿನಂಥ ಸಹ್ಯಾದ್ರಿಯ ಕಾಡುಗಳಲ್ಲಿದೆ. ಕಪ್ಪೆಗಳ ವಿಜ್ಞಾನಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಇದಕ್ಕೆ ‘ನಿಕ್ಟಿಬಾಟ್ರಾಕಸ್ ಕುಂಬಾರ’ ಎಂದು ಹೆಸರಿಟ್ಟರು.

ಹೋಗುವ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ, ಹಳ್ಳ ಬಲ್ಲ ಊರವರೊಬ್ಬರು ಜೊತೆಗಿರಲಿ. ಬೂಟಿನ ಕೆಸರನ್ನು ಮನೆಯಲ್ಲೇ ಬ್ರಷ್‌ನಿಂದ ಉಜ್ಜಿ ತೆಗೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ನಾಲ್ಕು ಪಾಲು ನೀರು ಬೆರೆಸಿ ಐದು ನಿಮಿಷ ನೆನೆಸಿ, ತೊಳೆದು, ಪೂರ್ತಿ ಒಣಗಿಸಿ. ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರ ಒದ್ದೆ ಬೂಟಿನ ಮೂಲಕವೂ ಒಂದು ಹಳ್ಳದಿಂದ ಇನ್ನೊಂದಕ್ಕೆ ದಾಟಬಹುದು. ಇದೊಂದನ್ನು ಮಾಡದಿದ್ದರೆ ಉಳಿದ ಎಚ್ಚರಿಕೆಗೆಲ್ಲ ಅರ್ಥವಿಲ್ಲ.

ರಕ್ತ ಹೀರುವ ಉಂಬಳಕ್ಕೆ ಉದ್ದ ಕಾಲುಚೀಲವೇ ಸಾಕು. ಅದನ್ನು ದೂರವಿಡಲು ಹಚ್ಚುವ ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು ಹಳ್ಳಕ್ಕೆ ಇಳಿಯಬಾರದು. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನೀರು ಹೀರುತ್ತದೆ.

ಮಳೆಗಾಲದ ರಾತ್ರಿ, ಮಳೆ ಬಿಟ್ಟ ಹೊಳವಿನಲ್ಲಿ ಹೊರಡಿ. ಜಡಿಮಳೆಯಲ್ಲಿ ನೀರಿನ ಸದ್ದಿಗೆ ಕೂಗು ಕೇಳುವುದಿಲ್ಲ. ದೊಡ್ಡ ಹೊಳೆಯಲ್ಲಿ ಹುಡುಕಬೇಡಿ, ಆಳವಿಲ್ಲದ ಸಣ್ಣ ಝರಿಯೇ ಇದರ ನೆಲೆ. ನೀರಿಗಿಳಿಯದೆ ದಡದಲ್ಲೇ ನಡೆಯಿರಿ. ಕೊಂಬೆ ಹಿಡಿಯುವ ಮೊದಲು ಟಾರ್ಚ್ ಬಿಟ್ಟು ನೋಡಿ: ಮಲಬಾರ್ ಗುಳಿಮಂಡಲವೆಂಬ ವಿಷದ ಹಾವು ಇಂಥ ಕಡೆಯೇ ಹೊಂಚಿ ಕೂರುತ್ತದೆ.

ಕೂಗು ಕೇಳಿದೊಡನೆ ಬೆಳಕು ಆರಿಸಿ ನಿಲ್ಲಿ. ಆಮೇಲೆ ಟಾರ್ಚಿಗೆ ಕೆಂಪು ಹಾಳೆ ಕಟ್ಟಿ, ಬೆಳಕನ್ನು ಕಪ್ಪೆಯ ಪಕ್ಕಕ್ಕೆ ಬಿಡಿ. ನೇರ ಬಿಳಿ ಬೆಳಕು ಬಿದ್ದರೆ ಗಂಡು ಕೂಗು ನಿಲ್ಲಿಸಬಹುದು. ಅದೃಷ್ಟವಿದ್ದರೆ ಹೆಣ್ಣು ಮುಂಗಾಲೂರಿ ತಲೆಕೆಳಗಾಗಿ ನಿಂತು ನೀರಿನ ಮೇಲಿನ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸುವುದು ಕಂಡೀತು. ಅದು ಹೋದ ಮೇಲೆ ಗಂಡಿನ ಸರದಿ. ಹಿಂಗಾಲಿನ ಮೇಲೆ ನಿಂತು, ಹಳ್ಳದ ತಳದ ಕೆಸರನ್ನು ಮುಂಗೈಯಲ್ಲಿ ಬಾಚಿ ಮೊಟ್ಟೆಗಳಿಗೆ ಬಳಿಯುತ್ತದೆ. ಒಣಗದಂತೆ, ಶತ್ರುಗಳ ಕಣ್ಣಿಗೆ ಬೀಳದಂತೆ ಕಾಯಲೆಂದೇ ಈ ಲೇಪವಿರಬಹುದು.

ಹೆಚ್ಚಿನವರು ಎಡವುವುದು ಇಲ್ಲೇ. ಮೆತ್ತಿದ ಮೊಟ್ಟೆ ನೋಡಲು ಬರೀ ಕೆಸರಿನ ಗುಡ್ಡೆ. ಫೋಟೊಕ್ಕೆ ಅಡ್ಡ ಬಂತೆಂದು ಕಡ್ಡಿ ಮುರಿದರೆ ಇಡೀ ಸಂಸಾರ ನೀರುಪಾಲು. ಮರಿ ಬೆಳೆಯುವ ಮೊದಲೇ ಮೊಟ್ಟೆ ತೊರೆಗೆ ಬಿದ್ದರೆ ಉಳಿಯುವುದು ಕಷ್ಟ.

ಕೂಗನ್ನು ಮೊಬೈಲಿನಲ್ಲಿ ಮೂರು ನಿಮಿಷ ಧ್ವನಿಮುದ್ರಿಸಿ. ಆದರೆ ಅದನ್ನೇ ಅಲ್ಲಿ ನುಡಿಸಿ ಕಪ್ಪೆಯನ್ನು ಕರೆಯಬೇಡಿ. ದಿನಾಂಕ, ಸಮಯ, ಮೊಟ್ಟೆ ನೀರಿನಿಂದ ಎಷ್ಟು ಮೇಲಿತ್ತು ಎಂಬುದನ್ನು ಬರೆದುಕೊಳ್ಳಿ. ಜೀವಿಗಳನ್ನು ಕಂಡದ್ದನ್ನು ದಾಖಲಿಸುವ ಐ-ನ್ಯಾಚುರಲಿಸ್ಟ್ ಜಾಲತಾಣಕ್ಕೆ ಏರಿಸುವಾಗ ಜಾಗದ ಗುರುತನ್ನು ಮಸುಕಾಗಿಸುವ ಆಯ್ಕೆ ಒತ್ತಿ.