ಎಣ್ಣೆ ಪ್ಯಾಕೆಟ್ ಮೇಲೆ ತಾರೀಕು ಬರೆಯಿರಿ, ಆಮೇಲೆ ನಡೆಯಿರಿ

ಕಳೆದ ವರ್ಷ ಮೂರು ತಿಂಗಳು ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆದೆ. ತೂಕ 74 ಕೆಜಿಯಿಂದ ಅಲ್ಲಾಡಲಿಲ್ಲ. ಕಾರಣ ಸಿಕ್ಕಿದ್ದು ಅಡುಗೆಮನೆಯಲ್ಲಿ.

ನೀವೂ ಮೊದಲು ಎಣ್ಣೆ ಲೆಕ್ಕ ಹಾಕಿ. ಹೊಸ ಪ್ಯಾಕೆಟ್ ಕತ್ತರಿಸಿದ ದಿನ ಅದರ ಮೇಲೆ ತಾರೀಕು ಬರೆಯಿರಿ. ನಮ್ಮ ಮನೆಯಲ್ಲಿ ಮೂರೇ ಜನ, ಒಂದು ಲೀಟರ್ ಎಂಟು ದಿನಕ್ಕೆ ಖಾಲಿ! ಅಂದರೆ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 40 ಎಂಎಲ್. ಈಗ ಅದೇ ಲೀಟರ್ 16 ದಿನ ಬರುತ್ತದೆ. ಹೀಗೆ ಉಳಿದ 20 ಎಂಎಲ್‌ನಲ್ಲಿ 165 ಕ್ಯಾಲೊರಿಯಷ್ಟಿದೆ. ಅಷ್ಟು ಕರಗಿಸಲು ಅರ್ಧ ಗಂಟೆಗೂ ಜಾಸ್ತಿ ಬಿರುಸಾಗಿ ನಡೆಯಬೇಕು.

ಒಗ್ಗರಣೆಗೆ ಸುಮ್ನೆ ಸುರಿಯಬೇಡಿ, ಎರಡು ಟೀ ಚಮಚ ಹಾಕಿ. ಬಾಣಲೆ ಸ್ವಲ್ಪ ಓರೆ ಮಾಡಿದರೆ ಎಣ್ಣೆ ಒಂದು ಕಡೆ ಸೇರುತ್ತದೆ. ಸಾಸಿವೆ ಅಲ್ಲೇ ಚಟಪಟ ಅನ್ನುತ್ತದೆ.

ಮುದ್ದೆ, ಅನ್ನ ಬಿಡಬೇಕಿಲ್ಲ. ರಾಗಿಯಲ್ಲಿ ನಾರು ಜಾಸ್ತಿ ಇದೆ, ಆದರೆ ಕ್ಯಾಲೊರಿಯಲ್ಲಿ ಅಕ್ಕಿಗಿಂತ ಭಾರೀ ಕಮ್ಮಿಯೇನಲ್ಲ. ಹಾಗಾಗಿ ಮುದ್ದೆ ಚಿಕ್ಕದು ಮಾಡಿ, ಬಸ್ಸಾರಿನ ಸೊಪ್ಪು-ಕಾಳಿನ ಪಲ್ಯ ಎರಡು ಸೌಟು ಬಡಿಸಿಕೊಳ್ಳಿ. ಕಾಳು, ಮೊಟ್ಟೆ, ಮೊಸರಿಗೆ ಕತ್ತರಿ ಹಾಕಬೇಡಿ. ಪ್ರೋಟೀನ್ ಸಾಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ.

ಇನ್ನು ನಡಿಗೆ. ವಾರಕ್ಕೆ 150ರಿಂದ 300 ನಿಮಿಷ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನನ್ನದು ಐದು ದಿನ, 45 ನಿಮಿಷ. ನಡೆಯುತ್ತಾ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅದೇ ಸರಿಯಾದ ವೇಗ. ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ. ಮೊದಲ ತಿಂಗಳು ದಾರಿ ಮಧ್ಯದ ನಂದಿ ವಿಗ್ರಹದವರೆಗೆ ಮಾತ್ರ ಹೋಗುತ್ತಿದ್ದೆ. ಮಂಡಿ ನೋವಿದ್ದವರು ಮೆಟ್ಟಿಲು ಬಿಟ್ಟು ಸಮತಟ್ಟಾದ ಕಡೆಯೇ ನಡೆಯಿರಿ.

ಊಟ ಅರ್ಧ ಮಾಡಿ, ನಡಿಗೆ ಎರಡರಷ್ಟು ಮಾಡುವ ಆತುರ ಮಾತ್ರ ಖಂಡಿತ ಬೇಡ. ನಾನೊಮ್ಮೆ ರಾತ್ರಿ ಊಟ ಬಿಟ್ಟು ಬೆಳಿಗ್ಗೆ ಬೆಟ್ಟ ಹತ್ತಲು ಹೋದೆ. ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲೇ ಕುಳಿತೆ. ಹೂವು ಮಾರುವ ಅಜ್ಜಿ ಬೆಲ್ಲ ಕೊಟ್ಟು ಕೂರಿಸಿಕೊಂಡರು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ, ನಡಿಗೆ ಎರಡನ್ನೂ ಬದಲಿಸುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ತೂಕ ವಾರಕ್ಕೊಂದೇ ಸಲ ನೋಡಿ, ಬೆಳಿಗ್ಗೆ ತಿಂಡಿಗೆ ಮೊದಲು. ವಾರಕ್ಕೆ ಅರ್ಧ ಕೆಜಿ ಇಳಿದರೆ ಧಾರಾಳ ಆಯಿತು. ಸೊಂಟದ ಅಳತೆಯನ್ನೂ ಬರೆದಿಡಿ. ಮೂರು ವಾರ ಎರಡೂ ಕದಲದಿದ್ದರೆ ಮೊದಲು ಪ್ಯಾಕೆಟ್ ಮೇಲಿನ ತಾರೀಕು ನೋಡಿ. ಅದು ಸರಿಯಿದ್ದರೆ ಮಾತ್ರ ನಡಿಗೆಗೆ ಹತ್ತು ನಿಮಿಷ ಸೇರಿಸಿ.